ಕೆಂಪು ಉಣ್ಣೆಯ ನೊಣ

ಅಪ್ಪಾ,

ನೀನು ಸತ್ತು ತಿಂಗಳಾಯಿತು. ಇವತ್ತು ನಿನ್ನ ಗಾಳದ ಕೋಲನ್ನೂ ಮೀನಿಗೆ ಆಮಿಷವೊಡ್ಡುವ ಸುಳ್ಳು ನೊಣಗಳ ಡಬ್ಬಿಯನ್ನೂ ನಿನ್ನ ಗೆಳೆಯ ಟೈಲರ್ ಮಾಮನಿಗೆ ಕೊಟ್ಟುಬಂದೆ. ಭಾನುವಾರವಿಡೀ ನೀನು ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಕ್ಕೆಗೆ ನೀನೇ ಗರಿ, ದಾರ ಸುತ್ತಿ ಮಾಡಿದ ನೊಣ ಎಸೆದು, ಸಿಕ್ಕ ಮೀನನ್ನೂ ಬಿಟ್ಟು ಬರುತ್ತಿದ್ದೆ. ನದಿ ತಾಳ್ಮೆ ಕಲಿಸುತ್ತದೆಂದು ಊರಿಗೆಲ್ಲ ಉಪದೇಶ ಬೇರೆ. ಆ ತಾಳ್ಮೆಯನ್ನು ಒದ್ದೆ ಬೂಟಿನ ಜೊತೆ ಬಾಗಿಲಾಚೆಯೇ ಕಳಚಿಟ್ಟು ಒಳಗೆ ಬರುತ್ತಿದ್ದೆ.

ಮಾಮನ ಮುಂದೆ ತೆರೆದಾಗ ಡಬ್ಬಿಯಲ್ಲೊಂದು ಕೆಂಪು ನೊಣವಿತ್ತು. ಉಣ್ಣೆಯ ಗುರುತು ತಕ್ಷಣ ಸಿಕ್ಕಿತು. ಎರಡನೇ ಕ್ಲಾಸಿನಲ್ಲಿ, ನನ್ನ ಕೆಂಪು ಸ್ವೆಟರಿನ ತೋಳು ಕತ್ತರಿಸಿದವಳು ನಾನೇ ಎಂದು ಅಮ್ಮ ನನಗೆ ಬಾರಿಸುವಾಗ ನೀನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದೆ. ಎಂಥ ಗಂಡಸು!

"ಅದೊಂದನ್ನ ನಿಮ್ಮಪ್ಪ ಯಾವತ್ತೂ ನೀರಿಗೆ ಹಾಕ್ಲಿಲ್ಲಮ್ಮ," ಎಂದರು ಮಾಮ. "ಕಳೆದುಹೋದ್ರೆ ಅಂತ ಭಯ. 'ನನ್ನ ಮಗಳದ್ದು' ಅಂತಿದ್ದ."

ಅವರಿಗೆ ಹೇಳಿದವನಿಗೆ ನನಗೆ ಹೇಳಲು ಬಾಯಿಗೆ ಬೀಗ ಬಿದ್ದಿತ್ತೇ?

ಅದೊಂದನ್ನು ವಾಪಸ್ ತೆಗೆದುಕೊಂಡು, ಸೇತುವೆ ಮೇಲೆ ನಿಂತು ನದಿಗೆ ಬೀಸಿದೆ. ಎಸೆಯುವುದಾದರೂ ನನಗೆಲ್ಲಿ ಬರಬೇಕು, ನೀನು ಕಲಿಸಿದ್ದರೆ ತಾನೆ? ಕೊಕ್ಕೆ ನನ್ನ ಅಂಗಿಯ ತೋಳಿಗೇ ಸಿಕ್ಕಿಕೊಂಡಿತು.

ಈಗ ಸಂಜೆಯಾಯಿತು. ಇನ್ನೂ ಬಿಡಿಸಿಲ್ಲ.