ಮೂವತ್ತೆಂಟು ದಿನ ಹೊಲಿದ ರವಿಕೆ

ತುರ್ತು ಆಶ್ರಯ ಮನೆಗಳಿಗೆ ಅನುದಾನ ಕೊಡುವ, ಅಥವಾ ಕೊಡದಿರುವ, ಮೇಲಧಿಕಾರಿಗಳಿಗೆ,

ಮಾನ್ಯರೇ,

ಗಂಡನ ಹೊಡೆತ ತಾಳಲಾರದೆ ಓಡಿಬರುವ ನಮ್ಮ ಬುಡಕಟ್ಟಿನ ಹೆಂಗಸರಿಗೆ ನಾಲ್ಕು ಗೋಡೆಯ ಒಂದು ಮನೆ ಕೊಡಿ ಎಂದು ನಾನು ಮೂರು ಸಲ ಅರ್ಜಿ ಹಾಕಿದೆ. ನೀವು ಮನೆ ಕೊಡಲಿಲ್ಲ. ಅದು ಹೋಗಲಿ ಎಂದರೆ, ಇದ್ದ ಒಂದು ಪರದೆಯನ್ನೂ ನಿಮ್ಮ ಕಚೇರಿ ಕಿತ್ತುಹಾಕಿತು. ಅದು ಹೇಗೆಂದು ನಿಮ್ಮ ಕಡತದಲ್ಲಿ ಇರಲಾರದು. ಆದ್ದರಿಂದ ನಾನೇ ಹೇಳುತ್ತೇನೆ.

ನಾನು ದರ್ಜಿ. ಕಾಡಂಚಿನ ನಮ್ಮ ಕೇರಿಯಲ್ಲಿ ಹೊಲಿಗೆ ಯಂತ್ರ ಇರುವುದು ನನ್ನೊಬ್ಬಳ ಮನೆಯಲ್ಲಿ. ಯಂತ್ರ ಜಗಲಿಯ ಮೇಲೆ. ಒಳಗೆ ಅಳತೆ ತೆಗೆಯುವ ಕೋಣೆ. ಎರಡು ಚಾಪೆ ಹಾಸಿದರೆ ಮೂರನೆಯದಕ್ಕೆ ಜಾಗವಿಲ್ಲ. ಅದಕ್ಕೆ ಬಾಗಿಲ ಬದಲು, ಉಳಿದ ಬಟ್ಟೆಚೂರುಗಳನ್ನು ಜೋಡಿಸಿ ಹೊಲಿದ ಪರದೆ. ಹೆಂಗಸರು ಅಳತೆ ಕೊಡುವಾಗ ಗಂಡಸರು ಆ ಪರದೆ ದಾಟುವುದಿಲ್ಲ. ಕುಡಿದಾಗ ತಮ್ಮ ಹೆಸರನ್ನೇ ಮರೆಯುವವರು ಕೂಡ ಇದನ್ನು ಮರೆಯುವುದಿಲ್ಲ. ಈ ಒಂದು ಮರ್ಯಾದೆಯ ಮೇಲೆ ಹನ್ನೊಂದು ವರ್ಷ ನಾನೊಂದು ಆಶ್ರಯ ನಡೆಸಿದೆ. ಹೊಡೆತ ತಿಂದವಳು ಒಂದು ತುಂಡು ಬಟ್ಟೆ ಹಿಡಿದು ಬಂದು, "ಅಕ್ಕಾ, ರವಿಕೆ ಹೊಲಿಸ್ಬೇಕಿತ್ತು" ಅನ್ನುತ್ತಾಳೆ. ಬಟ್ಟೆಯಿಲ್ಲದೆ ಬಂದವಳಿಗೆ ನಾನೇ ಕೊಡುತ್ತೇನೆ. ಆಮೇಲೆ ಅವಳ ಗಾಯ ಮಾಯುವವರೆಗೆ, ಇಲ್ಲವೇ ತವರಿನವರು ಬರುವವರೆಗೆ, ರವಿಕೆ ಸರಿಹೋಗುವುದಿಲ್ಲ, ಅವಳು ಪರದೆಯಾಚೆ ಬರುವುದಿಲ್ಲ. ಇದರಿಂದ ಸುತ್ತಲ ಕೇರಿಗಳಲ್ಲೆಲ್ಲ ನಾನು ಕೆಲಸ ಬಾರದ ದರ್ಜಿ ಎಂದು ಹೆಸರಾಗಿದ್ದೇನೆ. ಇರಲಿ ಬಿಡಿ.

ಈ ಸಲ ಬಂದವಳು ಬುಟ್ಟಿ ಹೆಣೆಯುವವಳು. ಬಲಗೈ ಮುರಿದಿತ್ತು, ತುಟಿಗೆ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿದ್ದಿತ್ತು. ಎರಡು ದಿನಕ್ಕೊಮ್ಮೆ ಅವಳ ಗಂಡ ಬಂದು ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದ. ತೋಳು ಕೂತಿಲ್ಲ ಎಂದೆ. ದಾರದ ಬಣ್ಣ ಸಿಗಲಿಲ್ಲ ಎಂದೆ. ಇಪ್ಪತ್ತನೆಯ ದಿನ ಅವನಿಗೆ ರೇಗಿತು.

"ಅಕ್ಕಾ, ಒಂದು ರವಿಕೆಗೆ ಎಷ್ಟು ತೋಳು ಇರುತ್ತೆ?"

"ಎರಡೇ ತಮ್ಮಾ. ಅದರಲ್ಲಿ ಒಂದು ಮೇಲಕ್ಕೆ ಏಳ್ತಿಲ್ಲ. ಅದಕ್ಕೇ ತಡ."

ಅವನು ತನ್ನ ಚಪ್ಪಲಿ ನೋಡಿಕೊಂಡು ಎದ್ದುಹೋದ.

ನನ್ನ ಎರಡನೆಯ ಅರ್ಜಿಗೆ ನೀವು ಕೊಟ್ಟ ಉತ್ತರ ಬಂದದ್ದು ಅವಳು ಬಂದ ಮೊದಲ ವಾರದಲ್ಲೇ. "ಬುಡಕಟ್ಟು ಸಮುದಾಯಗಳಲ್ಲಿ ಮಹಿಳೆಯರಿಗೆ ಪರಂಪರಾಗತವಾಗಿ ಉನ್ನತ ಸ್ಥಾನಮಾನ ಇರುವುದರಿಂದ ಪ್ರತ್ಯೇಕ ಆಶ್ರಯದ ಅವಶ್ಯಕತೆ ಕಂಡುಬರುವುದಿಲ್ಲ." ನಾನು ಇದನ್ನು ಪರದೆಯ ಹಿಂದೆ ಗಟ್ಟಿಯಾಗಿ ಓದಿದೆ. ಬುಟ್ಟಿಯವಳು ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. "ಸಾಕು ಅಕ್ಕಾ, ನಗಿಸ್ಬೇಡ, ಹೊಲಿಗೆ ಬಿಚ್ಚುತ್ತೆ." ನನ್ನ ಹೊಲಿಗೆಯಾಗಿದ್ದರೆ ಬಿಚ್ಚುತ್ತಿರಲಿಲ್ಲ ಎಂದೆ. ಮಾನ್ಯರೇ, ಸಂಶೋಧನೆ ನಿಮ್ಮದು, ನಾವು ಸುಳ್ಳೆನ್ನುವುದಿಲ್ಲ. ಅದರ ಒಂದೊಂದು ಪ್ರತಿಯನ್ನು ನಮ್ಮ ಗಂಡಂದಿರಿಗೂ ಕಳುಹಿಸಲು ಏನು ಅಡ್ಡಿ? ಸುದ್ದಿ ಅವರಿಗಿನ್ನೂ ತಲುಪಿಲ್ಲ.

ಪಟ್ಟಣದಲ್ಲಿ ಸುಸಜ್ಜಿತ ಆಶ್ರಯಧಾಮ ಇದೆ ಎಂದೂ ಬರೆದಿದ್ದಿರಿ. ಇದೆ. ಮೂರು ಬಸ್ಸು ಬದಲಿಸಿದರೆ ಸಿಗುತ್ತದೆ. ನಮ್ಮ ಸೋದರತ್ತೆ ಒಬ್ಬರು ಒಮ್ಮೆ ಅಲ್ಲಿಗೆ ಹೋಗಿದ್ದರು. ಅಲ್ಲಿ ನಮ್ಮ ಮಾತು ತಿಳಿದವರು ಒಬ್ಬರೂ ಇಲ್ಲ. "ತೊಂದರೆ ಏನು" ಎಂಬುದರ ಎದುರಿಗೆ "ಏನನ್ನೂ ಹೇಳುತ್ತಿಲ್ಲ" ಎಂದು ಬರೆದು ವಾಪಸು ಕಳುಹಿಸಿದರು. ಸೋದರತ್ತೆ ಅಲ್ಲಿದ್ದ ಎರಡು ದಿನವೂ ಹೇಳುತ್ತಲೇ ಇದ್ದರಂತೆ.

ಮೂರನೆಯ ಅರ್ಜಿಗೆ ನೀವು ತನಿಖೆಗೆ ಒಬ್ಬರನ್ನು ಕಳುಹಿಸಿದಿರಿ. ಒಳ್ಳೆಯ ಮನುಷ್ಯ, ಕೆಟ್ಟದ್ದು ಬಯಸಿದವರಲ್ಲ. ಮೂವತ್ತೆಂಟನೆಯ ದಿನ ಮಧ್ಯಾಹ್ನ ಜೀಪು ಬಂತು. ಬುಟ್ಟಿಯವಳ ಗಂಡ ಎಂದಿನಂತೆ ಬೆಂಚಿನ ಮೇಲಿದ್ದ. ನಾನು ಒಳಗೆ ಒಲೆಯ ಬಳಿ ಇಸ್ತ್ರಿಗೆ ಕೆಂಡ ತುಂಬುತ್ತಿದ್ದೆ; ಜಗಲಿಯಲ್ಲಿ ನಡೆದದ್ದನ್ನು ಆಮೇಲೆ ಹೇಳಿದ್ದು ಅಲ್ಲೇ ಇದ್ದ ನನ್ನ ಅತ್ತೆ, ಗಂಡನ ತಾಯಿ. ಜೀಪಿನಿಂದ ಇಳಿದವರು ನೇರವಾಗಿ ಅವನನ್ನೇ ಕೇಳಿದರು.

"ಏನ್ರೀ, ಗಂಡನ ಏಟು ತಪ್ಪಿಸ್ಕೊಂಡು ಬರೋ ಹೆಂಗಸರು ಬಚ್ಚಿಟ್ಕೊಳ್ಳೋ ಮನೆ ಇಲ್ಲಿ ಯಾವುದು?"

"ಗೊತ್ತಿಲ್ಲ ಸಾರ್. ಇದು ಟೈಲರ್ ಮನೆ."

"ಅದೇ, ಅದೇ."

ಅಷ್ಟಕ್ಕೆ ನಿಲ್ಲಿಸಿದ್ದರೂ ಬದುಕುತ್ತಿದ್ದೆವು. ಅವರು ಅವನ ಪಕ್ಕದಲ್ಲೇ ಕುಳಿತು, ನನ್ನ ಅರ್ಜಿ ತೆಗೆದು, ರವಿಕೆ ಎಂಬುದು ಹೇಗೆ ನೆಪ, ಪರದೆ ಹೇಗೆ ರಕ್ಷಣೆ ಎಂದು ಸಾಲುಸಾಲಾಗಿ ವಿವರಿಸಿದರು. ಅವನು ತಲೆಯಾಡಿಸುತ್ತ ಕೇಳಿದ. ಅಂಥ ಗಮನವಿಟ್ಟು ಕೇಳುವವರು ಅವರಿಗೆ ಕಚೇರಿಯಲ್ಲಿ ಸಿಕ್ಕಿರಲಿಲ್ಲವೋ ಏನೋ, ಕೊನೆಗೆ ತನಿಖಾ ವರದಿಗೆ ಅವನಿಂದಲೇ ರುಜು ಹಾಕಿಸಿಕೊಂಡರು. ನಿಮ್ಮ ಕಡತ ತೆರೆದು ನೋಡಿ. "ಸ್ಥಳೀಯ ಗಣ್ಯರು" ಎಂಬಲ್ಲಿ ಇರುವ ರುಜು, ಬುಟ್ಟಿಯವಳ ಕೈ ಮುರಿದವನದು.

ಜೀಪು ತಿರುಗುವಷ್ಟರಲ್ಲಿ ಅವನು ಹೊಸ್ತಿಲಿಗೆ ಬಂದಿದ್ದ. ನನ್ನ ಅತ್ತೆ ಬಾಗಿಲಿಗೆ ಅಡ್ಡಲಾಗಿ ಎರಡೂ ಕಾಲು ಚಾಚಿ ಕುಳಿತುಬಿಟ್ಟರು.

"ಕಾಲು ತೆಗಿ ಅಜ್ಜಿ."

"ಮೊಣಕಾಲು ಹಿಡ್ಕೊಂಡಿದೆ ಮಗಾ. ಮಡಚಕ್ಕೆ ಬರ್ತಿಲ್ಲ."

ಆ ಮೊಣಕಾಲು ಅದೇ ಬೆಳಗ್ಗೆ ಗುಡ್ಡ ಹತ್ತಿ ಒಂದು ಹೊರೆ ಸೌದೆ ಇಳಿಸಿತ್ತು. ಅವನು ಬಗ್ಗಿ ಅತ್ತೆಯ ಕಾಲು ಎತ್ತಿಡಲು ನೋಡಿದ; ಒಂದನ್ನು ಎತ್ತಿದರೆ ಇನ್ನೊಂದು ಅಡ್ಡ ಬರುತ್ತಿತ್ತು. ನಾನು ಕೆಂಡ ತುಂಬಿದ ಇಸ್ತ್ರಿ ಹಿಡಿದು ಪರದೆಯ ಮುಂದೆ ನಿಂತೆ. "ಬಾ ತಮ್ಮಾ, ನಿನ್ನ ಅಂಗಿನೂ ಸುಕ್ಕಾಗಿದೆ. ಬಿಚ್ಚೋದು ಬೇಡ, ಮೈಮೇಲೇ ಮಾಡಿಕೊಡ್ತೀನಿ." ಅವನು ಇಸ್ತ್ರಿ ನೋಡಿದ, ಅಂಗಿ ನೋಡಿದ. ಈ ವಿಚಾರ ಮುಗಿಯುವಷ್ಟರಲ್ಲಿ ಬುಟ್ಟಿಯವಳು ಹಿಂದಿನ ಕಿಟಕಿಯಿಂದ, ಒಂದೇ ಕೈ ಆಸರೆಯಲ್ಲಿ, ಹೊರಗೆ ಧುಮುಕಿ ಹೋಗಿದ್ದಳು. ಇದನ್ನು ಹೇಳಿದಾಗಲೆಲ್ಲ ಕೇರಿಯ ಹೆಂಗಸರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ದಿನದಿಂದ ನನ್ನ ಜಗಲಿಗೆ ಬಟ್ಟೆ ಹಿಡಿದು ಯಾರೂ ಬಂದಿಲ್ಲ. ಹೊಡೆತ ನಿಂತಿದೆ ಎಂದುಕೊಳ್ಳಬೇಡಿ. ರವಿಕೆ ಎಂದರೆ ಏನೆಂದು ಈಗ ಎಲ್ಲ ಗಂಡಂದಿರಿಗೂ ಗೊತ್ತು. ಅದಕ್ಕೇ ಇದನ್ನು ಬಹಿರಂಗವಾಗಿ ಬರೆಯಲು ನನಗೆ ಅಂಜಿಕೆಯಿಲ್ಲ. ಮುಚ್ಚಿಡಲು ಏನೂ ಉಳಿದಿಲ್ಲ.

ಬುಟ್ಟಿಯವಳು ಈಗ ಎಲ್ಲಿದ್ದಾಳೆ? ನಿಮಗೆ ಹೇಳುವುದಿಲ್ಲ. ನಿಮ್ಮವರು ದಾರಿ ಕೇಳಿಕೊಂಡು ಬರುತ್ತಾರೆ. ಇಷ್ಟು ಹೇಳುತ್ತೇನೆ: ಅವಳಿಗೆ ಜಾಗ ಕೊಟ್ಟವರ ಮನೆಯಲ್ಲಿ ಇನ್ನು ಎರಡು ವಾರಕ್ಕೆ ಹೆರಿಗೆ. ಆಮೇಲೆ ಅಲ್ಲಿ ಜಾಗವಿಲ್ಲ. ಅವಳಿಗಿರುವುದು ಇನ್ನೊಂದೇ ಮನೆ, ನನ್ನದು. ಅದರ ಜಗಲಿಯ ಬೆಂಚಿನ ಮೇಲೆ ಈಗಲೂ ಬಂದು ಕೂರುವ ಗಣ್ಯರು ಯಾರೆಂದು ನಿಮಗೆ ತಿಳಿದಿದೆ.

ಆದ್ದರಿಂದ ಎರಡು ವಾರದೊಳಗೆ ನಮಗೊಂದು ಮನೆ ಕೊಡಿ. ಒಳಗಿನಿಂದ ಹಾಕುವ ಚಿಲಕ ಇರಲಿ. ನಮ್ಮ ಮಾತು ಬಲ್ಲ ಒಬ್ಬ ಹೆಂಗಸನ್ನು ಸಂಬಳ ಕೊಟ್ಟು ನೇಮಿಸಿ. ಕರೆದರೆ ಬರುವ ಒಂದು ವಾಹನ, ಒಲೆ ಆರದಷ್ಟು ದಿನಸಿ, ಇವೆಲ್ಲ ವರ್ಷ ವರ್ಷ ಅರ್ಜಿ ಹಾಕದೆ ನಡೆಯುವಷ್ಟು ಅನುದಾನ ಬೇಕು. ಉದ್ಘಾಟನೆ ಬೇಡ, ಫಲಕ ಬೇಡ, ದಾರಿ ತೋರಿಸುವ ಬಾಣದ ಗುರುತು ಖಂಡಿತ ಬೇಡ.

ಇನ್ನೊಂದು ಮಾತು. ಬುಟ್ಟಿಯವಳ ರವಿಕೆಯನ್ನು ನಾನು ಮೊದಲ ದಿನವೇ ಹೊಲಿದು ಮುಗಿಸಿದ್ದೆ. ಬಲತೋಳನ್ನು ಸ್ವಲ್ಪ ಸಡಿಲ ಬಿಟ್ಟಿದ್ದೇನೆ, ಕಟ್ಟು ಹಾಕಿದ ಕೈ ತೂರುವಷ್ಟು. ಕಿಟಕಿಯಿಂದ ಧುಮುಕುವಾಗ ಅವಳು ಅದನ್ನು ಮರೆತುಹೋದಳು. ಇಸ್ತ್ರಿ ಮಾಡಿ, ಮಡಿಸಿ ಇಟ್ಟಿದ್ದೇನೆ. ತಲುಪಿಸಲು ಒಂದು ವಿಳಾಸ ಬೇಕು, ನೀವು ಕೊಡುವ ಮನೆಯದು. ಆ ವಿಳಾಸ ನನಗೂ ಅವಳಿಗೂ ಗೊತ್ತಿದ್ದರೆ ಸಾಕು, ನಿಮ್ಮ ಕಡತಕ್ಕೆ ಬೇಡ.

ಇಂತಿ,
ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ಕೊಡಲು ಶುರುಮಾಡಿರುವ, ಅದಕ್ಕಾಗಿ ನಾಚಿಕೆಪಡುತ್ತಿರುವ
ಕೇರಿಯ ದರ್ಜಿ