ಕೂತಲ್ಲೇ ಓಡಿದ್ದು

ಸೋಮವಾರ, ೩
ಬರೀಬೇಕಂತೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳು ನಾನು. ಡಾಕ್ಟರಮ್ಮ ಕೈಗೊಂದು ವಾಚಿನಂಥ ಪಟ್ಟಿ ಕಟ್ಟಿದ್ದಾಳೆ. ಮೈ ಎಷ್ಟು ಅಲುಗಾಡಿತು, ಎಷ್ಟು ಶಕ್ತಿ ಖರ್ಚಾಯಿತು, ಎಲ್ಲಾ ಅಳೆಯುತ್ತಂತೆ. ಏನು ಮಾಡುವಾಗ ಅನ್ನೋದು ಮಾತ್ರ ಅದಕ್ಕೆ ಗೊತ್ತಾಗಲ್ಲ. ಅದನ್ನ ನಾನು ಬರೀಬೇಕು. ಗೊತ್ತಾಗದ ಮೇಲೆ ಕಟ್ಟಿದ್ದು ಯಾಕೆ?

ಹೋದ ತಿಂಗಳು ಎದೆ ಹಿಡಿದುಕೊಂಡಿತ್ತು. ಹೊಲಿಗೆ ಹಗುರ ಕೆಲಸ ಅಂತ ಪಟ್ಟಿ ಹೇಳಿದರೆ ಮೆಷಿನ್ ತುಳೀಬಹುದು. ಜೋರು ಅಂದರೆ ಬಂದ್. ಮಗಳು ಹುಟ್ಟುವ ಮುಂಚಿನಿಂದ ತುಳಿದ ಕಾಲಿಗೆ ಈಗ ಪರೀಕ್ಷೆ!

ಹೊಲಿದೆ. ಡಾಕ್ಟರಮ್ಮನದೇ ಬಿಳಿ ಕೋಟು. ಬಲತೋಳು ಮುಗೀತು.

ಗುರುವಾರ, ೬
ರಿಪೋರ್ಟ್ ನೋಡಿ ಡಾಕ್ಟರಮ್ಮ ಹೌಹಾರಿದಳು. "ಅಜ್ಜಿ, ಬೆಳಗ್ಗೆಯೆಲ್ಲ ಓಡಿದ್ದೀರಾ?"

"ಓಡೋಕೆ ನನ್ನ ಹಿಂದೆ ನಾಯಿ ಬಿದ್ದಿತ್ತಾ? ಕೂತು ಹೊಲೀತಿದ್ದೆ."

ಮಗಳು ಕೇಳಬೇಕಲ್ಲ. ಮನೆಗೆ ಬಂದವಳೇ ಮೆಷಿನ್ ಬೆಲ್ಟ್ ಕಿತ್ತು ಬೀರುವಿಗೆ ಹಾಕಿ ಬೀಗ ಜಡಿದಳು. "ನಿನಗಿಂತ ಆ ಪಟ್ಟಿನೇ ನಿಜ ಹೇಳುತ್ತೆ." ಹೆತ್ತ ಹೊಟ್ಟೆಗೆ ಎಂಥ ಮರ್ಯಾದೆ.

ಅದೇ ದಿನ, ಸಂಜೆ
ಥತ್. ಈಗ ಹೊಳೀತು. ಹೊಲಿಯಲು ಕೂರುವ ಮುಂಚೆ ಬಳೆ ಬಿಚ್ಚಿ ಮೆಷಿನ್ ಮೇಲಿನ ದಾರದ ಕಡ್ಡಿಗೆ ಹಾಕೋದು ನನ್ನ ರೂಢಿ — ಬಟ್ಟೆಗೆ ಸಿಕ್ಕಿಕೊಳ್ಳಬಾರದಲ್ಲ. ಬಳೆ ಜೊತೆ ಪಟ್ಟಿನೂ ಹಾಕಿದ್ದೆ! ಗಡಗಡ ಓಡಿದ್ದು ಮೆಷಿನ್ನು.

ಹೇಳಿದೆ. ಮಗಳು ನೆಲದ ಮೇಲೆ ಕೂತು ನಕ್ಕಳು. ಬೀಗ ಮಾತ್ರ ತೆಗೀಲಿಲ್ಲ. "ಡಾಕ್ಟರ್ ಹೇಳಲಿ."

ಮಂಗಳವಾರ, ೧೧
ಡಾಕ್ಟರಮ್ಮನೂ ನಕ್ಕಳು. ನಿನ್ನೆ ಪಟ್ಟಿಯನ್ನ ಸೊಂಟಕ್ಕೆ ಕಟ್ಟಿದಳು. ಒಂದು ಬೆಳಗಿನ ಮಟ್ಟಿಗೆ ಬೆಲ್ಟಿಗೆ ಬಿಡುಗಡೆ. ಪಕ್ಕದಲ್ಲಿ ಸ್ಟೂಲ್ ಹಾಕಿ ಮಗಳ ಕಾವಲು. ದಿಂಬಿನ ಕವರ್ ಹೊಲಿದೆ. ಕೋಟು ಬೇಕಂತಲೇ ಮುಟ್ಟಲಿಲ್ಲ. ತುಳಿದೂ ತುಳಿದೂ ಮೊಣಕಾಲು ಕಿರುಗುಟ್ಟಿತು.

ಇವತ್ತು ರಿಪೋರ್ಟ್: ನಿನ್ನೆ ಬೆಳಗ್ಗೆಯೆಲ್ಲ ಸುಮ್ಮನೆ ಕೂತಿದ್ದಾರೆ.

ಸುಮ್ಮನೆ!

"ಸೊಂಟ ಅಲ್ಲಾಡಿಲ್ಲ ಅಜ್ಜಿ, ದುಡಿದದ್ದು ಕಾಲು. ಕಾಲಿಗೆ ಕಟ್ಟಿ ಇನ್ನೊಂದು ಸಲ ನೋಡೋಣ."

"ಆಮೇಲೆ ಮೂಗಿಗೂ ಕಟ್ಟಿಬಿಡಿ."

ಗುರುವಾರ, ೧೩
ತುಳಿದಾಯ್ತು. ಬಳೆ ಕಡ್ಡಿಯಲ್ಲಿ, ಪಟ್ಟಿ ಕಾಲಲ್ಲಿ — ಮಗಳೇ ಸಾಕ್ಷಿ. ಎದೆ ಚಕಾರ ಎತ್ತಲಿಲ್ಲ. ಬೆಲ್ಟ್ ಮತ್ತೆ ಬೀರುವಿನಲ್ಲಿ. ಬರೀ ಚಕ್ರ ನೋಡ್ತಾ ಕೂತಿದ್ದೀನಿ... ಇದಕ್ಕೆಷ್ಟು ಶಕ್ತಿ ಖರ್ಚಾಗುತ್ತೆ, ಅದನ್ನ ಯಾವ ಪಟ್ಟಿ ಅಳೆಯುತ್ತೆ?

ಡಾಕ್ಟರಮ್ಮ, ಪಟ್ಟಿನೂ ಈ ಬರಹನೂ ಮಗಳ ಕೈಲಿ ಕಳಿಸ್ತಿದ್ದೀನಿ. ಹೊಲೀಲಾ, ಬೇಡವಾ? ಸೋಮವಾರ ಹದಿನೇಳರೊಳಗೆ ಉತ್ತರ ಬೇಕು. ನಿಮ್ಮ ಕೋಟಿಗೆ ಇನ್ನೂ ಎಡತೋಳು ಹಚ್ಚಿಲ್ಲ.