ಸಣಕಲು ತುಂಡಿನ ತೊಂಡೆಬಳ್ಳಿ

ಅತ್ತಿಗೆಯವರಿಗೆ, ನಿಮ್ಮ ಮೈದುನ ಮಾಡುವ ನಮಸ್ಕಾರ.

ನೀವು ಮದುವೆಯಾಗಿ ಹಡಗು ಇಳಿದು ಬೊಂಬಾಯಿಗೆ ಬಂದ ದಿನ ನೆನಪಿದೆ. ಟ್ರಂಕಿನ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ತೊಂಡೆಬಳ್ಳಿಯ ತುಂಡುಗಳು. ಫೋರ್ಟಿನ ಹೋಟೆಲಿನಲ್ಲಿ ದಿನಾ ಬುಟ್ಟಿಗಟ್ಟಲೆ ತೊಂಡೆಕಾಯಿ ಹೆಚ್ಚುವ ಅಣ್ಣ, ಇದನ್ನೂ ಕುಂದಾಪುರದಿಂದ ಹೊತ್ತು ತರಬೇಕಿತ್ತಾ ಎಂದು ಗೊಣಗಿದ. ನೀವು ಅವನ್ನು ಘಾಟ್ಕೋಪರಿನ ನಮ್ಮ ಚಾಳಿನ ಹಿಂದೆ ನೆಟ್ಟಿರಿ. ನೀವು ಕಣ್ಣು ಮುಚ್ಚಿದ ಮೇಲೆ ಆ ಗೊಣಗಿದವನೇ ದಿನಾ ಬೆಳಿಗ್ಗೆ ಅದಕ್ಕೆ ನೀರು ಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಮಾತಾಡುತ್ತಿದ್ದದ್ದೂ ಅದರ ಹತ್ತಿರವೇ ಇರಬೇಕು. ನನ್ನ ಹತ್ತಿರವಂತೂ ಇಲ್ಲ.

ಆ ಬಳ್ಳಿ ಒಣಗತೊಡಗಿತು, ಅತ್ತಿಗೆ. ಬುಡ ಒದ್ದೆಯಿದ್ದರೂ ತುದಿ ಬಾಡುತ್ತಿತ್ತು. "ಅವಳ ಹಿಂದೆಯೇ ಹೊರಟಿತು, ಬಿಡು" ಎಂದ ಅಣ್ಣ. ನಾನು ಶಾಲೆ ಬಿಟ್ಟವನು, ಸರಿ. ಆದರೆ ಒಂದು ಬಳ್ಳಿ ಕಾರಣವಿಲ್ಲದೆ ಸಾಯುತ್ತದೆ ಎಂದರೆ ಹೇಗೆ ನಂಬಲಿ?

ಅದರ ದಂಟಿನಲ್ಲಿ ಊದಿಕೊಂಡಿದ್ದ ಗಂಟುಗಳು ನೆನಪಿವೆಯಾ? ಗೊಬ್ಬರ ಹಿಡಿದಿದೆ ಎಂದು ಹಿಗ್ಗುತ್ತಿದ್ದಿರಿ, ಬಳ್ಳಿ ಬಸುರಾಗಿದೆ ಎಂದು ಚಾಳಿನ ಹೆಂಗಸರನ್ನು ನಗಿಸುತ್ತಿದ್ದಿರಿ. ಮನಸ್ಸಿಗೆ ಬೇಕಾದವರು ನೆಡಲು ಕೇಳಿದರೆ ಗಂಟಿರುವ ದಪ್ಪ ತುಂಡನ್ನೇ ಆರಿಸಿ ಕೊಡುತ್ತಿದ್ದಿರಿ. ನಾನು ಅಂಥದ್ದೊಂದು ಗಂಟನ್ನು ಸೀಳಿದೆ. ಒಳಗೆ ಬಿಳಿ ಹುಳು, ಸುತ್ತ ಅದರ ಹಿಕ್ಕೆ. ಇನ್ನೆರಡು ಗಂಟುಗಳನ್ನು ಹಾಗೆಯೇ ಉಪ್ಪಿನಕಾಯಿ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದೆ. ಎಲ್ಲೂ ಕೂತಲ್ಲಿ ಕೂರದ ನಾನು ದಿನಾ ಆ ಬಾಟಲಿ ಕಾದೆ.

ಮಧ್ಯಾಹ್ನ ಚಪ್ಪರದ ಸುತ್ತ ಹಾರುತ್ತಿದ್ದ, ಕಾಲಿಗೆಲ್ಲ ರೋಮ ತುಂಬಿದ್ದ ಆ ಕಣಜ... ಒಮ್ಮೆ ಹೊಡೆಯಲು ಹೋದಾಗ ನೀವು ಕೈ ಹಿಡಿದಿರಿ. "ಮುಟ್ಟಬೇಡ ಮಾರಾಯ, ನಾವು ಸುಮ್ಮನಿದ್ದರೆ ಅದೂ ಸುಮ್ಮನಿರ್ತದೆ." ಒಂದು ಬೆಳಿಗ್ಗೆ ಬಾಟಲಿಯೊಳಗೆ ಅದೇ ಕೂತಿತ್ತು. ಗಂಟಿನ ತೂತಿನಿಂದ ಅದು ಕಳಚಿದ ಪೊರೆ ಅರ್ಧ ಹೊರಗೆ ಚಾಚಿತ್ತು. ಹೆದರುತ್ತಲೇ ಹಿಡಿದೆ. ಕುಟುಕಲಿಲ್ಲ, ಅದಕ್ಕೆ ಮುಳ್ಳೇ ಇಲ್ಲ. ಚಿಟ್ಟೆ ಹಿಡಿದಾಗಿನ ಹಾಗೆ ಬೆರಳಿಗೆ ಪುಡಿ ಅಂಟಿತು. ಕಣಜದ ವೇಷ ಹಾಕಿದ ಪತಂಗ ಅದು, ಗಾಜಿನ ಹಾಗೆ ಆಚೆಯದು ಕಾಣುವ ರೆಕ್ಕೆ. ನಾವು ಹೆದರಿ ದೂರ ನಿಂತೆವು, ಅದು ನೆಮ್ಮದಿಯಾಗಿ ಮೊಟ್ಟೆಯಿಟ್ಟಿತು.

ನಿಮಗೆ ಹಿಡಿಸದ್ದನ್ನೂ ಹೇಳಿಬಿಡುತ್ತೇನೆ. ನೀವು ಪ್ರೀತಿಯಿಂದ ದಪ್ಪ ತುಂಡು ಕೊಟ್ಟವರ ಮನೆಯಲ್ಲೆಲ್ಲ ಬಳ್ಳಿ ಸತ್ತಿದೆ. ಜೊತೆಗೆ ಹುಳುವನ್ನೂ ಕೊಟ್ಟಿದ್ದಿರಿ. ಉಳಿದದ್ದು ಒಂದೇ, ಪಕ್ಕದ ಖೋಲಿಯ ಧಾರವಾಡದ ಗಂಗಕ್ಕನದು. ನಲ್ಲಿ ನೀರಿನ ಜಗಳವಾದ ವಾರವೇ ಅವರು ಕೇಳಿದ್ದರು, ನೀವು ಗಂಟೇ ಇಲ್ಲದ, ಪೆನ್ಸಿಲಿಗಿಂತ ಸಣ್ಣದನ್ನು ಕೊಟ್ಟಿರಿ.

ಅವರ ಹತ್ತಿರ ಹೋದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅತ್ತಿಗೆ ಸಿಟ್ಟಿನಲ್ಲಿ ಸಣಕಲು ಕೊಟ್ಟರು, ಅದಕ್ಕೇ ನಿಮ್ಮದು ಉಳಿದಿದೆ, ನನಗೊಂದು ತುಂಡು ಬೇಕು ಎಂದೆ. ಗಂಗಕ್ಕ ಮೊರ ಕೆಳಗಿಟ್ಟರು.

"ಗೊತ್ತಿತ್ತೋ ತಮ್ಮಾ. ಅದಕ್ಕ ಹಟಾ ಹಿಡದು ಬೆಳಸೀನಿ. ನೋಡಿ ಹೊಟ್ಟಿ ಉರಕೋಲಿ ಆಕಿ ಅಂತ. ಈಗ ನೋಡಲಿಕ್ಕ..."

ಎದ್ದು ಹೋಗಿ ತಾವೇ ಕತ್ತರಿಸಿ ತಂದರು.

ಅಣ್ಣನಿಗೆ ಸೀಳಿದ ಗಂಟು ತೋರಿಸಿ, ಹಳೆಯ ಬಳ್ಳಿಯನ್ನು ಸುಡಬೇಕು ಎಂದಾಗ ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅವನು ಗಂಟನ್ನು ಕೈಗೆ ತೆಗೆದುಕೊಂಡು ಹುಳುವನ್ನು ನೋಡಿದ. "ಹಾಗಾದರೆ ಅವಳು ಕರಕೊಂಡು ಹೋದದ್ದಲ್ಲ" ಎಂದ. ಬೆಂಕಿ ಅವನೇ ಹಚ್ಚಿದ.

ಈಗ ಚಪ್ಪರದ ತುಂಬ ಹೊಸ ಬಳ್ಳಿ. ಪತಂಗ ಮತ್ತೆ ಬರುವುದಿಲ್ಲ ಎಂದು ನಾನು ಹೇಳಲಾರೆ, ಬರುತ್ತದೆ. ಆದರೆ ದಂಟು ಊದಿದ್ದು ಕಂಡರೆ ನಾವು ಅಲ್ಲೇ ಕತ್ತರಿಸಿ ಸುಡುತ್ತೇವೆ, ಚಾಳಿನವರಿಗೂ ಕಲಿಸಿದ್ದೇನೆ. ಮೊನ್ನೆ ಮೊದಲ ಕಾಯಿ ಕೊಯ್ದು ಅಣ್ಣ ಪಲ್ಯ ಮಾಡಿದ. ಉಪ್ಪು ಜಾಸ್ತಿ ಎಂದೆ. ಹೋಟೆಲಿನಲ್ಲಿ ಯಾವ ಗಿರಾಕಿಯೂ ಹಾಗೆ ಹೇಳಿಲ್ಲ ಎಂದು ಶುರು ಮಾಡಿದವನು ನನ್ನ ನಾಲಿಗೆ, ಬಿಟ್ಟ ಶಾಲೆ, ಹರಿದ ಚಪ್ಪಲಿ ಯಾವುದನ್ನೂ ಬಿಡಲಿಲ್ಲ. ಕೈ ಒಣಗುವ ತನಕ ಬೈದ. ಅತ್ತಿಗೆ, ಅಣ್ಣ ಮಾತಾಡುತ್ತಿದ್ದಾನೆ.